ನೋವಿಗೆ ಕಲಂ ಇಲ್ಲದ ಕಾಗದ

ಆಪರೇಷನ್ ಆಗಿ ಹದಿನಾಲ್ಕು ತಿಂಗಳಾಯಿತು. ನನ್ನ ಮುಟ್ಟಿನ ನೋವಿಗೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಗರ್ಭಕೋಶದ ಹೊರಗೆ ಬೆಳೆಯುವ ರೋಗ, ಕಾರಣವಾ ಅಂತ ನೋಡಲು ಮಾಡಿದ್ದು. ಹೊಟ್ಟೆಯ ಮೇಲೆ ಮೂರು ತೂತು ಮಾಡಿದ್ದರು. ಅದರಲ್ಲಿ ಎರಡರ ಗುರುತು ಈಗ ಹುಡುಕಿದರೆ ಮಾತ್ರ ಸಿಗುತ್ತದೆ. ಹೊಕ್ಕುಳಿನ ಒಳಗಿನದ್ದು ನನಗೇ ಕಾಣುವುದಿಲ್ಲ. ಗಾಯ ಬೇಗ ಒಣಗಿತು. ಆದರೆ ಡಿಸ್‌ಚಾರ್ಜ್ ದಿನ ಕೈಗೆ ಕೊಟ್ಟ ಒಂದೂವರೆ ಪುಟದ ಕಾಗದ ಉಂಟಲ್ಲ, ಆಪರೇಷನ್ ನೋಟ್ಸ್, ಅದು ಇನ್ನೂ ನನ್ನನ್ನು ಬಿಟ್ಟಿಲ್ಲ. ಕಪಾಟಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ. ತಿಂಗಳಿಗೊಮ್ಮೆಯಾದರೂ ತೆಗೆದು ಓದುತ್ತೇನೆ. ಪ್ರತಿ ಸಲವೂ ಅದೇ ಸಾಲುಗಳು. ಪ್ರತಿ ಸಲವೂ ಒಂದು ಸಣ್ಣ ಸಿಟ್ಟು.

ಕಾಗದ ಓದುವುದು ನನ್ನ ಹೊಟ್ಟೆಪಾಡು. ಉಡುಪಿಯ ಒಂದು ಸಹಕಾರಿ ಸೊಸೈಟಿಯಲ್ಲಿ ಸಾಲದ ವಿಭಾಗದಲ್ಲಿದ್ದೇನೆ. ಆರ್‌ಟಿಸಿ, ಅಂದರೆ ಜಮೀನಿನ ಪಹಣಿ, ಕೈಗೆ ಬಂದರೆ ಕಣ್ಣು ತಾನಾಗಿಯೇ ಸರ್ವೆ ನಂಬರು, ವಿಸ್ತೀರ್ಣ, ನಂಜವೋ ಪುಂಜವೋ ಬಾಗಾಯ್ತೋ, ಋಣದ ಕಲಮಿನಲ್ಲಿ ಏನಾದರೂ ಉಂಟೋ ಅಂತ ಓಡುತ್ತದೆ. ಆ ಕಾಗದದಲ್ಲಿ ಎಷ್ಟೋ ಸಂಗತಿ ಇರುವುದಿಲ್ಲ ಅಂತಲೂ ನನಗೆ ಗೊತ್ತು. ಏಪ್ರಿಲ್ ತಿಂಗಳಲ್ಲಿ ಬಾವಿಯಲ್ಲಿ ನೀರು ಇರುತ್ತದಾ ಅಂತ ಬರೆದಿರುವುದಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟು ಹತ್ತು ವರ್ಷವಾಯಿತು ಅಂತಲೂ ಇರುವುದಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ನಾನೇ ಹೇಳುತ್ತೇನೆ, ‘ಕಾಗದ ಯಾವ ಪ್ರಶ್ನೆಗೆ ಹುಟ್ಟಿದ್ದೋ ಅದಕ್ಕೆ ಮಾತ್ರ ಉತ್ತರ ಕೊಡ್ತದೆ, ಜಾಸ್ತಿ ಕೇಳಬೇಡಿ’ ಅಂತ. ಇಷ್ಟೆಲ್ಲ ಬುದ್ಧಿ ಹೇಳುವ ನಾನು ನನ್ನದೇ ಹೊಟ್ಟೆಯ ಕಾಗದ ಕೈಗೆ ಬಂದಾಗ ಎಲ್ಲ ಮರೆತೆ.

‘ಸಿಕ್ಕಿತಾ?’

ಮಂಗಳೂರಿನಲ್ಲಿ ಆಪರೇಷನ್. ಎಚ್ಚರ ಆಗುವಾಗ ಗಂಟಲು ಒಣಗಿತ್ತು, ಕಾಲು ತಣ್ಣಗಿತ್ತು. ಯಾರೋ ನನ್ನ ಹೆಸರು ಕರೆಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಗಂಡ ಬಂದು ಪಕ್ಕದಲ್ಲಿ ನಿಂತ. ನನ್ನ ಬಾಯಿಯಿಂದ ಬಂದ ಮೊದಲ ಮಾತು ‘ನೀರು’ ಅಲ್ಲ. ‘ಸಿಕ್ಕಿತಾ?’ ಅಂತ ಕೇಳಿದೆ.

‘ಸಿಕ್ತು. ಉಂಟಂತೆ. ಡಾಕ್ಟರ್ ಫೋಟೋ ತೋರಿಸಿದ್ರು’ ಅಂದ.

ನಾನು ಅತ್ತೆ. ನರ್ಸ್ ಬಂದು, ‘ನೋವಾ ಅಕ್ಕ? ಇಂಜೆಕ್ಷನ್ ಕೊಡ್ಲಾ?’ ಅಂದಳು. ನೋವಿಗೆ ಅಲ್ಲ ಅಂತ ಹೇಳುವಷ್ಟು ನಾಲಿಗೆ ಹೊರಳುತ್ತಿರಲಿಲ್ಲ. ರೋಗ ಸಿಕ್ಕಿದ್ದಕ್ಕೆ ಖುಷಿಪಟ್ಟು ಅಳುವವರು ಯಾರಾದರೂ ಇರುತ್ತಾರಾ? ಇರುತ್ತಾರೆ. ಹದಿನೇಳು ವರ್ಷ ‘ಎಲ್ಲ ನಾರ್ಮಲ್’ ಅಂತ ಬರೆದ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಓಡಾಡಿದವರನ್ನು ಕೇಳಿ ನೋಡಿ.

ಆಮೇಲೆ ಯೋಚಿಸಿದಾಗ ಇನ್ನೊಂದು ಹೊಳೆಯಿತು. ನನ್ನ ಹೊಟ್ಟೆಯ ಒಳಗನ್ನು ನನಗಿಂತ ಮೊದಲು ಗಂಡ ನೋಡಿದ್ದ. ಡಾಕ್ಟರ್ ಥಿಯೇಟರಿನಿಂದ ಹೊರಗೆ ಬಂದು ಅವನಿಗೂ ಅಮ್ಮನಿಗೂ ಎಲ್ಲ ವಿವರಿಸಿ ಹೇಳಿದ್ದರು. ನನಗೆ ಹೇಳುವ ಹೊತ್ತಿಗೆ ಅದು ಹಳೆಯ ಸುದ್ದಿ. ಮರುದಿನ ರೌಂಡ್ಸ್‌ಗೆ ಬಂದವರು, ‘ನಿಮ್ಮ ಹಸ್ಬೆಂಡಿಗೆ ಎಲ್ಲ ಹೇಳಿದ್ದೇನೆ’ ಅಂತ ಎರಡು ನಿಮಿಷದಲ್ಲಿ ಮುಗಿಸಿದರು. ಅವರದ್ದು ತಪ್ಪು ಅಂತ ಹೇಳುವುದಿಲ್ಲ, ಹೊರಗೆ ಕಾಯುವವರಿಗೆ ಹೇಳಲೇಬೇಕಲ್ವಾ. ಆದರೆ ಗಂಡನಿಗೆ ನೆನಪಿದ್ದದ್ದು ಮೂರೇ ಮಾತು. ‘ಉಂಟು, ತೆಗೆದಿದ್ದಾರೆ, ಜಾಸ್ತಿ ಇಲ್ಲವಂತೆ.’

ಆ ಮೂರನೆಯದ್ದು ನನಗೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಜಾಸ್ತಿ ಇಲ್ಲವಂತೆ.

ಮಲ್ಲಿಗೆ ಗಿಡ ಮುಟ್ಟದ ದಿನಗಳು

ನನ್ನ ತವರು ಕಟಪಾಡಿಯಿಂದ ಒಳಗೆ, ಶಂಕರಪುರದ ಹತ್ತಿರ. ಮಲ್ಲಿಗೆಯ ಊರು ಅಂತ ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಹೊತ್ತು ಮೀರುವ ಮೊದಲು ಹೂ ಮಾರುವ ಕಟ್ಟೆಗೆ ತಲುಪಿಸಬೇಕು. ಮನೆಯ ಹೆಣ್ಣುಮಕ್ಕಳೆಲ್ಲ ಶಾಲೆಗೆ ಹೋಗುವ ಮೊದಲು ಕೈ ಸೇರಿಸುತ್ತಿದ್ದೆವು. ಮುಟ್ಟಾದವರು ಮಾತ್ರ ಗಿಡದ ಹತ್ತಿರ ಹೋಗುವ ಹಾಗಿರಲಿಲ್ಲ, ಗಿಡ ಕರಟುತ್ತದೆ ಅಂತ. ನನ್ನನ್ನು ಬಿಟ್ಟು ಉಳಿದವರಿಗೆ ಆ ದಿನಗಳು ರಜೆ. ದೊಡ್ಡಮ್ಮನ ಮಗಳು, ನಾನು ಅಕ್ಕ ಅಂತಲೇ ಕರೆಯುವುದು, ಆ ಮೂರು ದಿನ ಹಾಯಾಗಿ ಕತೆ ಪುಸ್ತಕ ಓದುತ್ತಿದ್ದಳು. ನಾನು ಹಿಂದಿನ ಕೋಣೆಯಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು, ಸಗಣಿ ಸಾರಿಸಿದ ನೆಲಕ್ಕೆ ಹಣೆ ಇಟ್ಟು ಮಲಗುತ್ತಿದ್ದೆ. ನೆಲ ತಣ್ಣಗಿರುತ್ತಿತ್ತು. ಆ ತಂಪು ಹಣೆಗೆ ತಾಗಿದರೆ ವಾಂತಿ ಸ್ವಲ್ಪ ತಡೆಯುತ್ತಿತ್ತು.

ಮೂರು ದಿನದಲ್ಲಿ ಮುಗಿದಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ನನ್ನದು ಮುಟ್ಟು ನಿಂತ ಮೇಲೂ ಎರಡು ದಿನ ಇರುತ್ತಿತ್ತು. ಒಂದು ದಿನ ಚಿಕ್ಕಮ್ಮ ಅಡುಗೆಮನೆಯಿಂದಲೇ, ನನಗೆ ಕೇಳಲಿ ಅಂತಲೇ, ‘ಕೊಯ್ಯುವ ಕೆಲಸ ಇರುವಾಗ ಮಾತ್ರ ಇವಳಿಗೆ ಬಂಜಿಬೇನೆ’ ಅಂದಳು. ಮನೆಯಲ್ಲಿ ನಾವು ತುಳು ಮಾತಾಡುವುದು. ಬಂಜಿಬೇನೆ ಅಂದರೆ ಹೊಟ್ಟೆನೋವು. ಅಜೀರ್ಣ ಆದರೂ ಬಂಜಿಬೇನೆ, ಹಲಸಿನ ಹಣ್ಣು ಜಾಸ್ತಿ ತಿಂದರೂ ಬಂಜಿಬೇನೆ, ಇದೂ ಬಂಜಿಬೇನೆ. ಓಮದ ಕಷಾಯ, ಮೆಂತೆ ಗಂಜಿ, ಆಮೇಲೆ ಮೆಫ್ಟಾಲ್. ಊರಿನ ಡಾಕ್ಟರೊಬ್ಬರು ನನ್ನ ಮುಖವನ್ನೂ ನೋಡದೆ ಅಮ್ಮನಿಗೆ ಹೇಳಿದ್ದರು, ‘ಮದುವೆ ಆಗಿ ಒಂದು ಮಗು ಆಗಲಿ, ಎಲ್ಲ ಸರಿ ಹೋಗ್ತದೆ.’ ಈ ಮದ್ದಿನ ಚೀಟಿ ನಮ್ಮ ಕಡೆ ಎಷ್ಟು ಹುಡುಗಿಯರಿಗೆ ಸಿಕ್ಕಿದೆಯೋ! ಗರ್ಭಿಣಿಯಾಗಿರುವಾಗ ಕೆಲವರಿಗೆ ನೋವು ಕಡಿಮೆಯಾಗುವುದು ಉಂಟು, ಆದರೆ ಅದು ರೋಗಕ್ಕೆ ಮದ್ದಲ್ಲ. ಹೋಗಲಿ ಬಿಡಿ, ಮದುವೆಯೂ ಆಯಿತು, ನೋವೂ ಉಳಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮುಟ್ಟಾಗುವ ವಯಸ್ಸಿನ ಹತ್ತರಲ್ಲಿ ಒಬ್ಬಳಿಗೆ ಈ ರೋಗ ಇದೆ, ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಂಗಸರಿಗೆ. ಹಾಗಿದ್ದೂ ಇದಕ್ಕೆ ನಮ್ಮ ಭಾಷೆಯಲ್ಲಿ ಬಾಯಿಗೆ ಬರುವ ಒಂದು ಹೆಸರಿಲ್ಲ. ಎಂಡೊಮೆಟ್ರಿಯೋಸಿಸ್ ಅಂತ ಹೇಳುವಷ್ಟರಲ್ಲಿ ಅಮ್ಮನಿಗೆ ಉಸಿರು ಕಟ್ಟುತ್ತದೆ.

ಹೆಗಲಿನ ನೋವನ್ನು ಎಲ್ಲರೂ ನಂಬಿದರು

ಡಿಸ್‌ಚಾರ್ಜ್ ಆಗಿ ಕಾರಿನಲ್ಲಿ ಮನೆಗೆ ಬಂದದ್ದು ಒಂದು ಪ್ರಯಾಣ. ಹೊಟ್ಟೆಗೆ ತಲೆದಿಂಬು ಒತ್ತಿಕೊಂಡು ಕೂತಿದ್ದೆ. ಕೂಳೂರು ಸೇತುವೆಯ ಜೋಡಣೆ, ಮುಲ್ಕಿಯ ಗುಂಡಿ, ಹೆಜಮಾಡಿ ಟೋಲಿನ ಹತ್ತಿರದ ಉಬ್ಬು, ಒಂದೊಂದನ್ನೂ ಹೊಲಿಗೆ ಲೆಕ್ಕ ಹಾಕಿತು. ಆದರೆ ಮನೆಗೆ ಬಂದ ಮೇಲೆ ನಿಜವಾಗಿ ಕಾಡಿದ್ದು ಹೊಟ್ಟೆ ಅಲ್ಲ, ಬಲ ಹೆಗಲು. ಉಸಿರು ಎಳೆದರೆ ಹೆಗಲಿಗೆ ಚೂರಿ ಹಾಕಿದ ಹಾಗೆ. ಆಪರೇಷನ್ ಮಾಡಿದ್ದು ಹೊಟ್ಟೆಗೆ, ಹೆಗಲು ಯಾಕೆ ನೋಯಬೇಕು? ಅಮ್ಮ ಎಣ್ಣೆ ಬಿಸಿ ಮಾಡಿ ತಂದಳು. ಗಂಡ ಆಸ್ಪತ್ರೆಗೆ ಫೋನ್ ಮಾಡಿದ. ನರ್ಸ್ ನಗುತ್ತಲೇ ಹೇಳಿದಳಂತೆ. ಒಳಗೆ ಕ್ಯಾಮೆರಾ ಆಡಿಸಲು ಜಾಗ ಬೇಕಲ್ಲ, ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ತುಂಬಿ ಹೊಟ್ಟೆಯನ್ನು ಬಲೂನಿನ ಹಾಗೆ ಉಬ್ಬಿಸುತ್ತಾರೆ. ಸ್ವಲ್ಪ ಗ್ಯಾಸ್ ಉಳಿದು ಹೊಟ್ಟೆಗೂ ಎದೆಗೂ ನಡುವಿನ ಪರದೆಯನ್ನು ಕೆರಳಿಸುತ್ತದೆ. ಆ ಪರದೆಯ ನರ, ಹೆಗಲಿನ ನರ ಎರಡೂ ಕುತ್ತಿಗೆಯ ಒಂದೇ ಕಡೆಯಿಂದ ಹೊರಡುವುದರಿಂದ ಮೆದುಳಿಗೆ ನೋವು ಹೆಗಲಿನದ್ದು ಅಂತ ಅನಿಸುತ್ತದೆ. ಎರಡು ಮೂರು ದಿನದಲ್ಲಿ ಹೋಗುತ್ತದೆ, ಎದ್ದು ಓಡಾಡಿ.

ಹಾಗೇ ಆಯಿತು. ನಾನು ಗಮನಿಸಿದ್ದು ಬೇರೆ. ಹೆಗಲಿನಲ್ಲಿ ಒಂದು ಗೀರು ಕೂಡ ಇರಲಿಲ್ಲ. ಎಕ್ಸ್‌ರೇ ತೆಗೆದಿದ್ದರೆ ಏನೂ ಕಾಣುತ್ತಿರಲಿಲ್ಲ. ಆದರೂ ‘ಇವಳು ಸುಮ್ನೆ ಹೇಳ್ತಾಳೆ’ ಅಂತ ಒಬ್ಬರೂ ಅನ್ನಲಿಲ್ಲ. ಚಿಕ್ಕಮ್ಮನೇ ಬಂದು ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟಳು. ಯಾಕೆಂದರೆ ಆಸ್ಪತ್ರೆಯವರು ‘ಹಾಗೆ ಆಗ್ತದೆ’ ಅಂದಿದ್ದರು. ಎರಡು ದಿನದ ಗ್ಯಾಸಿಗೆ ಸಿಕ್ಕಿದ ಮರ್ಯಾದೆ ಹದಿನೇಳು ವರ್ಷದ ಹೊಟ್ಟೆಗೆ ಸಿಕ್ಕಿರಲಿಲ್ಲ.

ಡಗ್ಲಾಸರ ಹೆಸರಿನ ಜಾಗ

ನಾಲ್ಕನೇ ದಿನ ಕಾಗದ ತೆಗೆದು ಕೂತೆ. ಪೆನ್ಸಿಲ್ ಹಿಡಿದುಕೊಂಡೇ ಕೂತೆ, ಅಭ್ಯಾಸಬಲ. ಮೊದಲು ಗರ್ಭಕೋಶ, ಗಾತ್ರ ಸರಿ. ಆಮೇಲೆ ಎಡ ಅಂಡಾಶಯ, ಮೇಲ್ಮೈಯಲ್ಲಿ ಕಲೆ, ಪಕ್ಕದ ಗೋಡೆಗೆ ತೆಳುವಾದ ಅಂಟು. ಬಲ ಅಂಡಾಶಯ ಸರಿ. ಗರ್ಭಕೋಶವನ್ನು ಹಿಂದಕ್ಕೆ ಬೆನ್ನೆಲುಬಿನ ಬುಡಕ್ಕೆ ಕಟ್ಟಿ ಹಿಡಿಯುವ ಎರಡು ಪಟ್ಟಿಗಳಿವೆ. ಅದರಲ್ಲಿ ಎಡಗಡೆಯದರ ಮೇಲೆ ಕೆಂಪು ಮತ್ತು ಕಪ್ಪು ಚುಕ್ಕೆ, ಸ್ವಲ್ಪ ಆಳಕ್ಕೆ ಇಳಿದದ್ದು. ಪೌಚ್ ಆಫ್ ಡಗ್ಲಾಸ್‌ನಲ್ಲಿ ‘ಪೌಡರ್ ಬರ್ನ್’ ಚುಕ್ಕೆಗಳು, ಅಂದರೆ ಮದ್ದಿನ ಪುಡಿ ಸಿಡಿದು ಸುಟ್ಟ ಹಾಗೆ ಕಾಣುವ ಕಲೆ. ಎರಡೂ ಟ್ಯೂಬಿನಿಂದ, ಅಂದರೆ ಅಂಡನಾಳದಿಂದ, ನೀಲಿ ಬಣ್ಣ ಸಲೀಸಾಗಿ ಹೊರಬಂದಿದೆ. ಪಟ್ಟಿಯ ಮೇಲಿನದ್ದನ್ನು ಕತ್ತರಿಸಿ ತೆಗೆದಿದೆ, ಉಳಿದದ್ದನ್ನು ಸುಟ್ಟಿದೆ, ಅಂಟು ಬಿಡಿಸಿದೆ. ಒಟ್ಟು ಅಂಕ 8. ಹಂತ 2. ಮೈಲ್ಡ್.

ಈ ಡಗ್ಲಾಸ್ ಯಾರು ಅಂತ ನೋಡಿದೆ. ಹದಿನೆಂಟನೇ ಶತಮಾನದ ಸ್ಕಾಟ್‌ಲೆಂಡಿನ ಡಾಕ್ಟರ್, ಜೇಮ್ಸ್ ಡಗ್ಲಾಸ್. ಗರ್ಭಕೋಶಕ್ಕೂ ಹಿಂದಿನ ಮಲದ ಕರುಳಿಗೂ ನಡುವೆ ಇರುವ ತಗ್ಗನ್ನು ವಿವರಿಸಿದ್ದಕ್ಕೆ ಆ ಜಾಗ ಅವರ ಹೆಸರಿಗಾಯಿತು. ಟ್ಯೂಬುಗಳಂತೂ ಅದಕ್ಕೂ ಮೊದಲೇ ಇಟಲಿಯ ಫೆಲೋಪಿಯೊ ಅನ್ನುವವರ ಪಾಲಾಗಿವೆ. ಅನುಭವಿಸುವವಳು ನಾನು, ಖಾತೆ ಇನ್ನೊಬ್ಬರ ಹೆಸರಲ್ಲಿ. ನಮ್ಮ ಆಫೀಸಿನಲ್ಲಿ ಇಂಥ ಜಾಗಕ್ಕೆ ಸಾಲ ಕೊಡುವುದಿಲ್ಲ.

ಚುಕ್ಕೆಗಳು ಅಲ್ಲಿ ಯಾಕೆ ಸೇರುತ್ತವೆ ಅನ್ನುವುದಕ್ಕೆ ಜಾನ್ ಸ್ಯಾಂಪ್ಸನ್ ಅನ್ನುವ ಅಮೆರಿಕದ ಡಾಕ್ಟರ್ 1927ರಲ್ಲಿ ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತ ಸ್ವಲ್ಪ ಟ್ಯೂಬಿನ ಮೂಲಕ ಹಿಂದಕ್ಕೆ ಹರಿದು ಹೊಟ್ಟೆಯೊಳಗೆ ಬೀಳುತ್ತದೆ, ಅದರ ಜೊತೆ ಹೋದ ಗರ್ಭಕೋಶದ ಒಳಪದರದ ತುಣುಕು ಅಲ್ಲೇ ಬೇರೂರುತ್ತದೆ. ತಗ್ಗಿಗೆ ನೀರು ಇಳಿಯುವ ಹಾಗೆ ಡಗ್ಲಾಸರ ಜಾಗಕ್ಕೆ ಇಳಿಯುತ್ತದೆ. ಕೇಳಲು ಸರಿಯಾಗಿಯೇ ಉಂಟು. ಆದರೆ ಹಾಗೆ ಹಿಂದಕ್ಕೆ ಹರಿಯುವುದು ಹತ್ತರಲ್ಲಿ ಒಂಬತ್ತು ಹೆಂಗಸರಲ್ಲಿ ಇರುತ್ತದಂತೆ. ರೋಗ ಬರುವುದು ಹತ್ತರಲ್ಲಿ ಒಬ್ಬಳಿಗೆ. ಉಳಿದ ಎಂಟು ಜನರ ಹೊಟ್ಟೆ ಅದನ್ನು ಗುಡಿಸಿ ಹಾಕುತ್ತದೆ, ನನ್ನದು ಯಾಕೆ ಗುಡಿಸಲಿಲ್ಲ ಅನ್ನುವುದಕ್ಕೆ ಸ್ಯಾಂಪ್ಸನ್ ಸಾಲುವುದಿಲ್ಲ. ಹುಟ್ಟುಗುಣ, ರೋಗ ತಡೆಯುವ ಶಕ್ತಿ ಅಂತ ಬೇರೆ ಬೇರೆ ಕಾರಣ ಸೇರಿಸಿಯೇ ಈಗಿನವರು ಮಾತಾಡುತ್ತಾರೆ.

ಇಷ್ಟೆಲ್ಲ ಓದಿದರೂ ನನ್ನ ಪೆನ್ಸಿಲ್ ನಿಂತದ್ದು ‘ಮೈಲ್ಡ್’ ಅನ್ನುವ ಒಂದು ಶಬ್ದದ ಮೇಲೆ. ಕಣ್ಣು ಕತ್ತಲೆ ಬಂದು ಬಸ್ಸಿನಿಂದ ಇಳಿದದ್ದು, ಕಚೇರಿಯ ಬಾತ್‌ರೂಮಿನ ಟೈಲ್ಸ್ ಮೇಲೆ ಕೂತದ್ದು, ಗಂಡನ ಹತ್ತಿರ ಹೋಗಲು ಹೆದರಿದ್ದು, ಎಲ್ಲ ಸೇರಿ 8 ಅಂಕ. 6ರಿಂದ 15ರ ತನಕ ಮೈಲ್ಡ್, 16ರಿಂದ ಮಾಡರೇಟ್, 40 ದಾಟಿದರೆ ಸಿವಿಯರ್. ಎಸ್ಸೆಸ್ಸೆಲ್ಸಿಯಲ್ಲಿ ಕಡಿಮೆ ಅಂಕ ಬಂದವರ ಹಾಗೆ ನಾನು ಕಾಗದ ಮಡಚಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆವತ್ತು ನನಗೆ ಇನ್ನೂ ಸ್ವಲ್ಪ ಜಾಸ್ತಿ ರೋಗ ಇರಬಾರದಿತ್ತಾ ಅನಿಸಿತು. ಚಿಕ್ಕಮ್ಮನ ಮುಖಕ್ಕೆ ಹಿಡಿಯುವಂಥ ಒಂದು ಕಾಗದ ಬೇಕಿತ್ತು ನನಗೆ.

ಟ್ಯೂಬಿನ ಸುದ್ದಿ

ಆ ಕಾಗದದಲ್ಲಿ ಊರಿಡೀ ಓಡಾಡಿದ ಸಾಲು ಒಂದೇ ಒಂದು. ನೀಲಿ ಬಣ್ಣದ್ದು. ಆಪರೇಷನ್ ನಡೆಯುವಾಗಲೇ ಕೆಳಗಿನಿಂದ ಗರ್ಭಕೋಶಕ್ಕೆ ನೀಲಿ ದ್ರವ ಬಿಟ್ಟು ಅದು ಟ್ಯೂಬಿನ ತುದಿಯಿಂದ ಹೊರಗೆ ಬರುತ್ತದಾ ಅಂತ ನೋಡುತ್ತಾರೆ. ಬಂದರೆ ದಾರಿ ತೆರೆದಿದೆ ಅಂತ ಅರ್ಥ. ಅತ್ತೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, ‘ಎರಡೂ ಟ್ಯೂಬ್ ಓಪನ್ ಉಂಟಂತೆ, ದೇವರು ದೊಡ್ಡವನು.’ ಮುಂಬಯಿಯಲ್ಲಿರುವ ಮಾವನಿಗೆ ಗೊತ್ತಾಯಿತು. ಪಕ್ಕದ ಮನೆಯ ಆಂಟಿ ಬೊಂಡ ತಂದುಕೊಟ್ಟು, ‘ಟ್ಯೂಬ್ ಸರಿ ಉಂಟಲ್ಲ ಮಾರಾಯ್ತಿ, ಇನ್ನೆಂತ ಚಿಂತೆ’ ಅಂದರು. ನನ್ನ ಟ್ಯೂಬುಗಳ ಕ್ಷೇಮಸಮಾಚಾರ ಇಷ್ಟು ಜನರಿಗೆ ಬೇಕಿತ್ತು ಅಂತ ನನಗೆ ಗೊತ್ತೇ ಇರಲಿಲ್ಲ. ನೋವಿನ ವಿಷಯ ಯಾರೂ ಎತ್ತಲಿಲ್ಲ.

ಅಮ್ಮ ಫೋಟೋ ನೋಡಿದ್ದು ಒಂದು ಮಧ್ಯಾಹ್ನ. ಹೂ ಕಟ್ಟಿ ಮುಗಿದಿತ್ತು. ಮಡಿಲಲ್ಲಿ ಬಾಳೆನಾರಿನ ತುಂಡುಗಳು. ಕನ್ನಡಕ ಇಲ್ಲದ್ದಕ್ಕೆ ಗಂಡನ ಮೊಬೈಲನ್ನು ಕೈಯಳತೆ ದೂರಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ಗುಲಾಬಿ ಬಣ್ಣದ ಹೊಳೆಯುವ ಪರದೆ, ಅದರ ಮೇಲೆ ಅಲ್ಲಲ್ಲಿ ಕಪ್ಪು, ಕಂದು.

‘ಮಳೆಗಾಲದಲ್ಲಿ ಮಲ್ಲಿಗೆ ಎಲೆಗೆ ಚುಕ್ಕೆ ಬರ್ತದಲ್ಲ ಮಗಾ, ಹಾಗೇ ಉಂಟು’ ಅಂದಳು. ಆಮೇಲೆ ಗಿಡಕ್ಕೆ ಕೇಳುವ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದಳು. ‘ಮೇಲೆ ಮೇಲೆ ಮಾತ್ರವಾ, ಗೆಲ್ಲಿಗೂ ಇಳಿದಿತ್ತಾ? ಕಿತ್ತು ತೆಗೆದದ್ದಾ, ಸುಟ್ಟದ್ದಾ? ಬೇರು ಉಳಿದಿದ್ರೆ ಪುನಃ ಬರ್ತದಲ್ವಾ?’

ನಾನು ಬೆಪ್ಪಾಗಿ ಕೂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಗಸು. ಮೇಲ್ಮೈಯದ್ದಾ ಆಳದ್ದಾ, ಕತ್ತರಿಸಿದ್ದಾ ಸುಟ್ಟದ್ದಾ, ಮರುಕಳಿಸುತ್ತದಾ ಅನ್ನುವ ಮೂರು ಮಾತು ನಾನು ನಾಲ್ಕು ದಿನ ಹುಡುಕಿ ಅರ್ಥ ಮಾಡಿಕೊಂಡದ್ದು. ಎಷ್ಟು ಚೆನ್ನಾಗಿ ಕೇಳಿದಳು ಅಂತ ನಾನು ಹಿಗ್ಗುವಷ್ಟರಲ್ಲಿ ಅಮ್ಮ ಮೊಬೈಲ್ ಕೆಳಗಿಟ್ಟು ಹೇಳಿದಳು, ‘ಹೋಗಲಿ. ಚುಕ್ಕೆ ಇದ್ರೂ ಗಿಡ ಹೂ ಬಿಡ್ತದೆ. ಹೂ ಬಿಟ್ರೆ ಆಯ್ತಲ್ಲ.’

ಆ ಮಾತು ಚುಚ್ಚಿತು. ಆದರೆ ರಾತ್ರಿ ಅದನ್ನೇ ತಿರುಗಿಸಿ ಮುರುಗಿಸಿ ಯೋಚಿಸುವಾಗ ಕಾಗದದ ಗುಟ್ಟೂ ಅಲ್ಲೇ ಸಿಕ್ಕಿತು. ಈ ಅಂಕ ಹಾಕುವ ಪದ್ಧತಿ 1979ರಲ್ಲಿ ಶುರುವಾದದ್ದು, ಅಮೆರಿಕನ್ ಫರ್ಟಿಲಿಟಿ ಸೊಸೈಟಿ ಅನ್ನುವ ಸಂಘದಿಂದ. 1985ರಲ್ಲಿ, 1996ರಲ್ಲಿ ತಿದ್ದಿದ್ದಾರೆ. ಹೆಸರಿನಲ್ಲೇ ಉಂಟಲ್ಲ, ಫರ್ಟಿಲಿಟಿ. ಅವರ ಮುಂದಿದ್ದ ಪ್ರಶ್ನೆ ಅಮ್ಮನದ್ದೇ. ಹೂ ಬಿಡ್ತದಾ ಇಲ್ವಾ? ಅದಕ್ಕೇ ಅಂಡಾಶಯಕ್ಕೆ ಕಲಂ ಉಂಟು, ಟ್ಯೂಬಿಗೆ ಕಲಂ ಉಂಟು, ಅಂಟು ತೆಳುವೋ ದಪ್ಪವೋ ಅನ್ನುವುದಕ್ಕೆ ಬೇರೆ ಬೇರೆ ಅಂಕ ಉಂಟು. ಡಗ್ಲಾಸರ ತಗ್ಗು ಪೂರ್ತಿ ಮುಚ್ಚಿಹೋಗಿದ್ದರೆ ಅದೊಂದಕ್ಕೇ 40. ನೋವಿಗೆ ಕಲಂ ಇಲ್ಲ. ಮರೆತದ್ದಲ್ಲ, ಅವರು ಆ ಪ್ರಶ್ನೆ ಕೇಳಲೇ ಇಲ್ಲ. ತಮಾಷೆಯೆಂದರೆ ಮಕ್ಕಳಾಗುವ ಲೆಕ್ಕಕ್ಕೂ ಈ ಹಂತಗಳು ಸರಿಯಾಗಿ ಸಾಲಲಿಲ್ಲ. 2010ರಲ್ಲಿ ಅದಕ್ಕೆಂದೇ ವಯಸ್ಸು, ಎಷ್ಟು ವರ್ಷದಿಂದ ಪ್ರಯತ್ನ, ಆಪರೇಷನ್ ಆದ ಮೇಲೆ ಟ್ಯೂಬಿನ ಸ್ಥಿತಿ ಎಲ್ಲ ಸೇರಿಸಿ ಹತ್ತು ಅಂಕದ ಇನ್ನೊಂದು ಪಟ್ಟಿ ಬಂತು.

ಆರ್‌ಟಿಸಿಯಲ್ಲಿ ಬಾವಿಯ ನೀರು ಹುಡುಕಿದ ಹಾಗಾಯಿತು ನನ್ನ ಕತೆ.

ಡಾಕ್ಟರ್ ಚೀಟಿಯ ಹಿಂದೆ ಬರೆದ ಚಿತ್ರ

ಹತ್ತನೇ ದಿನ ಹೊಲಿಗೆ ತೋರಿಸಲು ಹೋದಾಗ ಬಯಾಪ್ಸಿ ರಿಪೋರ್ಟ್ ಬಂದಿತ್ತು. ಎರಡು ತುಣುಕು ಕಳಿಸಿದ್ದರು. ಪಟ್ಟಿಯ ಮೇಲಿನದ್ದರಲ್ಲಿ ಗರ್ಭಕೋಶದ ಒಳಪದರದ ಹಾಗಿರುವ ಗ್ರಂಥಿ, ಹಳೆಯ ರಕ್ತದ ಕಬ್ಬಿಣದ ಅಂಶ, ಎಲ್ಲ ಕಂಡಿತ್ತು. ಇನ್ನೊಂದರಲ್ಲಿ ನಾರು ಮಾತ್ರ, ರೋಗ ಕಾಣಿಸಿಲ್ಲ. ನನ್ನ ಎದೆ ಧಸಕ್ ಅಂದಿತು. ಇದ್ದ 8 ಅಂಕದಲ್ಲೂ ಅರ್ಧ ಹೋಯಿತಲ್ಲ!

ನಾನು ಈ ಸಲ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿದ್ದೆ, ಗಂಡನಿಗೆ ಹೊರಗೆ ಕೂರಲು ಹೇಳಿದ್ದೆ. ಡಾಕ್ಟರ್ ಕೆಟ್ಟವರಲ್ಲ. ಕೇಳಿದರೆ ಹೇಳುತ್ತಾರೆ, ಕೇಳಬೇಕು ಅಷ್ಟೆ. ಚೀಟಿಯ ಹಿಂದೆ ಪೆನ್ನಿನಿಂದ ಗರ್ಭಕೋಶ ಬರೆದರು, ಹಿಂದೆ ಎರಡು ಗೆರೆ ಎಳೆದರು, ಎಡಗೆರೆಯ ಮೇಲೆ ಒತ್ತಿ ಒತ್ತಿ ಚುಕ್ಕೆ ಇಟ್ಟರು. ‘ನೋಡಿ, ಈ ಪಟ್ಟಿಯ ಉದ್ದಕ್ಕೂ ನರಗಳಿವೆ. ಇಲ್ಲಿ ಒಂದು ಸೆಂಟಿಮೀಟರ್ ಇದ್ರೂ ಸಾಕು. ನಿಮಗೆ ಟಾಯ್ಲೆಟ್‌ಗೆ ಹೋಗುವಾಗ, ಗಂಡನ ಜೊತೆ ಇರುವಾಗ ಎಡಗಡೆ ಚುಚ್ಚುತ್ತದೆ ಅಂತ ಹೇಳಿದ್ರಲ್ಲ, ಆ ಜಾಗ ಇದೇ. ಕೆಂಪು ಚುಕ್ಕೆ ಹೊಸದು, ಚುರುಕು. ಕಪ್ಪು ಹಳೆಯದು. ಅಂಕ ಹಾಕುವಾಗ ಈ ಬಣ್ಣದ ವ್ಯತ್ಯಾಸಕ್ಕೆ ಬೆಲೆ ಇಲ್ಲ.’

‘ಹಾಗಾದ್ರೆ ಮೈಲ್ಡ್ ಅಂದ್ರೆ?’

‘ಎಷ್ಟು ಜಾಗಕ್ಕೆ ಹಬ್ಬಿದೆ ಅಂತ ಅಷ್ಟೆ. ನೋವು ಎಷ್ಟು ಅಂತ ಅಲ್ಲ.’

ಎರಡನೇ ತುಣುಕಿನ ವಿಷಯ ಕೇಳಿದೆ. ಲ್ಯಾಬಿನವರು ನೋಡುವುದು ತುಣುಕಿನ ಕೆಲವು ತೆಳು ಪದರಗಳನ್ನು ಮಾತ್ರ, ಬಿಸಿ ತಾಗಿದರೆ ಗುರುತು ಅಳಿಸಿಯೂ ಹೋಗುತ್ತದೆ, ಅಲ್ಲಿ ಕಾಣಲಿಲ್ಲ ಅಂದರೆ ಇರಲೇ ಇಲ್ಲ ಅಂತ ಅಲ್ಲ ಅಂದರು. ಮತ್ತೆ ಹದಿನೇಳು ವರ್ಷದ ಸ್ಕ್ಯಾನಿಂಗ್? ಚಾಕಲೇಟ್ ಸಿಸ್ಟ್ ಆಗಿದ್ದರೆ ಸ್ಕ್ಯಾನಿಂಗಿನಲ್ಲಿ ಕಾಣುತ್ತದೆ. (ಹಳೆಯ ರಕ್ತ ತುಂಬಿ ಕಂದಾದ ಗಡ್ಡೆಗೆ ಈ ಹೆಸರು. ಇದನ್ನು ಇಟ್ಟವರಿಗೆ ಹಸಿವಾಗಿತ್ತೋ ಏನೋ.) ನನ್ನ ಹಾಗೆ ಪರದೆಯ ಮೇಲೆ ಹರಡಿದ ಚುಕ್ಕೆ ಸಾಮಾನ್ಯವಾಗಿ ಕಾಣುವುದಿಲ್ಲ. ನಾರ್ಮಲ್ ಅಂತ ಬರೆದವರು ಸುಳ್ಳು ಬರೆದಿರಲಿಲ್ಲ. ಆ ಕಾಗದವೂ ತನಗೆ ಕಂಡದ್ದನ್ನೇ ಹೇಳಿತ್ತು.

ಇನ್ನೊಂದು ಮಾತನ್ನೂ ಅವರೇ ಹೇಳಿದರು. ಮೊದಲೆಲ್ಲ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು, ಅಂದರೆ ಲ್ಯಾಪರೋಸ್ಕೋಪಿ ಮಾಡಿ, ನೋಡದೆ ಈ ರೋಗ ಉಂಟು ಅಂತ ಬರೆಯುವ ಹಾಗಿರಲಿಲ್ಲ. 2022ರಲ್ಲಿ ಬಂದ ಯುರೋಪಿನ ತಜ್ಞರ ಮಾರ್ಗಸೂಚಿ ಅದನ್ನು ಸಡಿಲಿಸಿದೆ. ಲಕ್ಷಣ ಕೇಳಿ, ಸ್ಕ್ಯಾನಿಂಗ್ ಏನೂ ತೋರಿಸದಿದ್ದರೂ ಮಾತ್ರೆ ಶುರು ಮಾಡಬಹುದು, ಅದರಿಂದ ಆಗಲಿಲ್ಲ ಅಥವಾ ಹಿಡಿಸಲಿಲ್ಲ ಅಂದರೆ ಲ್ಯಾಪರೋಸ್ಕೋಪಿ. ಅಂದರೆ ಕೂತು ಕೇಳಿದರೆ ಸಾಕು ಅನ್ನುವ ಕಡೆಗೆ ಡಾಕ್ಟರುಗಳೇ ಒಂದು ಹೆಜ್ಜೆ ಬಂದಿದ್ದಾರೆ. ಕೇಳುವುದಕ್ಕೆ ಒಪಿಡಿಯಲ್ಲಿ ಸಮಯ ಎಲ್ಲಿದೆ ಅನ್ನುವುದು ಬೇರೆ ಪ್ರಶ್ನೆ. ನನ್ನ ಹಿಂದೆ ಇನ್ನೂ ಮೂವತ್ತು ಟೋಕನ್ ಇತ್ತು.

ದಿನಕ್ಕೊಂದು ಡೈನೋಜೆಸ್ಟ್ ಮಾತ್ರೆ ಬರೆದರು, 2 ಮಿಲಿಗ್ರಾಂ. ಮುಟ್ಟನ್ನೇ ತಡೆದು ಚುಕ್ಕೆಗಳನ್ನು ಮಲಗಿಸುವ ಮಾತ್ರೆ. ‘ತೆಗೆದಿದ್ದೇನೆ, ಆದ್ರೆ ಮುಗೀತು ಅಂದ್ಕೋಬೇಡಿ. ಕೆಲವರಿಗೆ ಪುನಃ ಬರ್ತದೆ’ ಅಂದರು. ಅಮ್ಮ ಹೇಳಿದ್ದನ್ನೇ ಹೇಳಿದರು, ಫೀಸು ಮಾತ್ರ ಬೇರೆ. ಈ ಹದಿನಾಲ್ಕು ತಿಂಗಳ ಲೆಕ್ಕ ಹೇಳಬೇಕೆಂದರೆ, ನೆಲಕ್ಕೆ ಹಣೆ ಇಟ್ಟು ಮಲಗುವುದು ತಪ್ಪಿದೆ. ಎಡಗಡೆಯ ಚುಚ್ಚು ಅಪರೂಪಕ್ಕೊಮ್ಮೆ ಬಂದು ಹೋಗುತ್ತದೆ. ಮೊದಲ ತಿಂಗಳುಗಳಲ್ಲಿ ಅಲ್ಪಸ್ವಲ್ಪ ರಕ್ತ ಕಾಣಿಸುತ್ತಲೇ ಇತ್ತು, ಮನಸ್ಸು ಮಂಕಾಗಿತ್ತು, ಅದಕ್ಕೂ ಮಾತ್ರೆಯೇ ಕಾರಣ ಇರಬಹುದು ಅಂತ ಮತ್ತೆ ಕೇಳಿದ ಮೇಲೆ ಗೊತ್ತಾಯಿತು. ಮಗುವಿನ ವಿಷಯ ನಾವಿಬ್ಬರೂ ಇನ್ನೂ ತೀರ್ಮಾನ ಮಾಡಿಲ್ಲ. ಮಾತ್ರೆ ನಿಲ್ಲಿಸಬೇಕಾಗುತ್ತದೆ. ಟ್ಯೂಬಿನ ಹಿತೈಷಿಗಳು ಕಾಯಲಿ.

ಅಕ್ಕನ ಕಾಗದ

ಹೋದ ತಿಂಗಳು ಅಕ್ಕ ಬೆಂಗಳೂರಿನಿಂದ ಬಂದಿದ್ದಳು. ಮುಟ್ಟಾದಾಗ ಹಾಯಾಗಿ ಕತೆ ಪುಸ್ತಕ ಓದುತ್ತಿದ್ದವಳು. ಮದುವೆಯಾಗಿ ಆರು ವರ್ಷ. ಮಕ್ಕಳಾಗಲಿಲ್ಲ ಅಂತ ಸ್ಕ್ಯಾನಿಂಗ್ ಮಾಡಿಸಿದರೆ ಎಡ ಅಂಡಾಶಯದಲ್ಲಿ ಐದು ಸೆಂಟಿಮೀಟರಿನ ಚಾಕಲೇಟ್ ಸಿಸ್ಟ್. ಲ್ಯಾಪರೋಸ್ಕೋಪಿ ಮಾಡಿದಾಗ ಒಳಗೆ ಗುಜ್ಜೆಯ, ಅಂದರೆ ಎಳೆ ಹಲಸಿನ, ಮೇಣ ಮೆತ್ತಿದ ಕೈಯ ಹಾಗೆ ಎಲ್ಲ ಒಂದಕ್ಕೊಂದು ಅಂಟಿತ್ತಂತೆ. ಎರಡು ಅಂಡಾಶಯಗಳೂ ಗರ್ಭಕೋಶದ ಹಿಂದೆ ಬಂದು ಜೋಡಿಯಾಗಿದ್ದವು, ಕರುಳು ಬಂದು ಹಿಡಿದುಕೊಂಡಿತ್ತು, ಡಗ್ಲಾಸರ ಜಾಗ ಕಾಣಲೇ ಇಲ್ಲ. ಹಂತ 4. ಮುಟ್ಟಿನಲ್ಲಿ ಅವಳಿಗೆ ನೋವು ಅಂತ ಇದ್ದದ್ದು ಮೊದಲ ದಿನ ಸ್ವಲ್ಪ ಸೊಂಟ ಹಿಡಿದ ಹಾಗೆ, ಅಷ್ಟೆ. ಸಿಸ್ಟ್ ತೆಗೆಯುವಾಗ ಜೊತೆಗೆ ಒಳ್ಳೆಯ ಅಂಡಾಶಯವೂ ಸ್ವಲ್ಪ ಹೋಗುತ್ತದಂತೆ. ಆಪರೇಷನ್ ಆದ ಮೇಲೆ ಎಎಂಎಚ್ ಅನ್ನುವ ರಕ್ತಪರೀಕ್ಷೆಯಲ್ಲಿ ನಂಬರು ಇಳಿದಿದೆ, ಅಂದರೆ ಉಳಿದ ಅಂಡಾಣುಗಳ ಲೆಕ್ಕ ಕಡಿಮೆ. ಈಗ ಐವಿಎಫ್‌ಗೆ ಓಡಾಡುತ್ತಿದ್ದಾಳೆ.

ಇಬ್ಬರೂ ಹಿಂದಿನ ಕೋಣೆಯಲ್ಲಿ ಕೂತು ಕಾಗದ ಅದಲುಬದಲು ಮಾಡಿಕೊಂಡೆವು. ಚಿಕ್ಕಂದಿನಲ್ಲಿ ಮಾರ್ಕ್ಸ್ ಕಾರ್ಡ್ ನೋಡಿಕೊಳ್ಳುತ್ತಿದ್ದ ಹಾಗೆ. ನೆಲಕ್ಕೆ ಈಗ ಟೈಲ್ಸ್ ಬಂದಿದೆ. ಅವಳು ನನ್ನ ಕಾಗದ ಎರಡು ಸಲ ಓದಿದಳು.

‘ನೀನು ಇಲ್ಲಿ ಬಿದ್ದು ಒದ್ದಾಡ್ತಿದ್ದದ್ದು ಇಷ್ಟಕ್ಕಾ?’ ಅಂದಳು.

ಬೇರೆ ಯಾರು ಹೇಳಿದ್ದರೂ ಜಗಳ ಆಗುತ್ತಿತ್ತು. ಅವಳ ದನಿಯಲ್ಲಿ ಹೀಯಾಳಿಕೆ ಇರಲಿಲ್ಲ.

‘ಇಷ್ಟಕ್ಕೇ’ ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅದರಲ್ಲಿ ಅರ್ಧ ನೋವು ನನಗೆ ಇದ್ದಿದ್ರೆ ಆರು ವರ್ಷ ಮೊದಲೇ ಡಾಕ್ಟರ್ ಹತ್ರ ಹೋಗ್ತಿದ್ದೆ ಮಾರಾಯ್ತಿ’ ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಹೋದರೂ ನಾರ್ಮಲ್ ಅಂತ ಹೇಳಿ ಕಳಿಸುತ್ತಿದ್ದರು ಅಂತ ಹೇಳಬಹುದಿತ್ತು, ಹೇಳಲಿಲ್ಲ. ಹೊರಗೆ ಜಗಲಿಯಲ್ಲಿ ಅಮ್ಮ ಹೂ ಕಟ್ಟುತ್ತಿದ್ದಳು. ಮಳೆ ಬಂದು ಮೊಗ್ಗು ಕಮ್ಮಿ, ಕಟ್ಟೆಯಲ್ಲಿ ರೇಟು ಏರಿದೆ ಅಂತ ಚಿಕ್ಕಮ್ಮನ ಹತ್ತಿರ ಹೇಳುತ್ತಿದ್ದಳು. ‘ನೀವಿಬ್ಬರು ಒಳಗೆ ಎಂತ ಮಾಡ್ತೀರಿ? ಬನ್ನಿ, ಕೈ ಹಾಕಿ, ಹೂ ಒಯ್ಯುವ ಹುಡುಗ ಈಗ ಬರ್ತಾನೆ’ ಅಂತ ಕೂಗಿದಳು. ಅಕ್ಕ ನನ್ನ ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ಕೊಟ್ಟಳು. ಅವಳದ್ದನ್ನು ನಾನು ಮಡಚಿ ಕೊಟ್ಟೆ. ಹೊರಗೆ ಹೋಗಿ ಕೂತೆವು.